ಪದಚರ್ಚೆ: ಹಾರ್ಡ್ ಡಿಸ್ಕ್‌ನಿಂದ ಕಡತ ಇಳಿಯುವುದು ‘ವೇಗ’ವೋ ‘ಹರಿವೋ’?

ಬಳಗದ ಎಲ್ಲರಿಗೂ ಚಿಕ್ಕಮಗಳೂರಿನಿಂದ ನಮಸ್ಕಾರ.

ಒಂದು ಪದಕ್ಕಾಗಿ ವಾರದಿಂದ ತಡಕಾಡುತ್ತಿದ್ದೇನೆ. ನಮ್ಮ ಸುತ್ತಲಿನ ಊರುಗಳ ವೀರಗಲ್ಲು, ಶಾಸನಗಳ ಚಿತ್ರಗಳನ್ನು ಹಲವು ವರ್ಷಗಳಿಂದ ತೆಗೆದು ಕೂಡಿಡುತ್ತಾ ಬಂದಿದ್ದೇನೆ. ಒಟ್ಟು 300 ಗಿಗಾಬೈಟ್‌ನಷ್ಟಾಗಿದೆ, ಎಲ್ಲವೂ ಒಂದೇ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ನಲ್ಲಿದೆ. ಅದನ್ನು ಇನ್ನೊಂದು ಕಂಪ್ಯೂಟರಿಗೆ ಇಳಿಸಲು ಹೊರಟರೆ ಬೆಳಿಗ್ಗೆ ಹಚ್ಚಿದ್ದು ಮಧ್ಯಾಹ್ನವಾದರೂ ಮುಗಿಯಲಿಲ್ಲ. ಕಾರಣಗಳನ್ನು ಹುಡುಕಿ ತಿಳಿದುಕೊಂಡ ಮೇಲೆ, ಇದೇ ಹವ್ಯಾಸದ ಗೆಳೆಯರಿಗಾಗಿ ಒಂದು ಪುಟದ ಕೈಪಿಡಿ ಬರೆಯಲು ಕುಳಿತೆ. ತಲೆಬರಹ: ‘ಕಡತ ವರ್ಗಾವಣೆಯ ವೇಗ ಕಡಿಮೆಯಿದ್ದರೆ’. ತಾಲ್ಲೂಕು ಕಚೇರಿಯಲ್ಲಿ ದುಡಿದು ನಿವೃತ್ತರಾದ ನೆರೆಮನೆಯ ಹಿರಿಯರು ಅದನ್ನು ಓದಿ, ‘ಮೇಜಿನಿಂದ ಮೇಜಿಗೆ ಸರಿಯದೆ ಕುಳಿತ ಅರ್ಜಿಗಳ ವಿಚಾರವೇ?’ ಎಂದು ಕೇಳಿದರು. ಅವರು ಓದಿದ್ದು ಸರಿಯಾಗಿಯೇ ಇತ್ತು, ಪದಗಳೇ ಹಾಗೆ ಹೇಳುತ್ತಿದ್ದವು.

ಹಾಗೆಂದು ‘ಕಡತ’ವನ್ನು ನಾನು ಬಿಟ್ಟುಕೊಡಲಾರೆ. ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುತ್ತಿದ್ದ ಪುಸ್ತಕದ ಹೆಸರು ಅದು. ನಮ್ಮ ಜಿಲ್ಲೆಯ ಶೃಂಗೇರಿ ಮಠದಲ್ಲಿ ಅಂಥ ಕಡತಗಳು ಉಳಿದುಬಂದಿವೆ. ಒರೆಸಿ ಮತ್ತೆ ಬರೆಯಬಹುದಾಗಿದ್ದ ವಸ್ತುವಿನ ಹೆಸರು ಇಂದಿನ ಫೈಲಿಗೆ ಎಷ್ಟು ಚೆನ್ನಾಗಿ ಒಪ್ಪುತ್ತದೆ!

ನನಗೆ ತೊಡಕೆನಿಸುವುದು ‘ವರ್ಗಾವಣೆ’. ವರ್ಗಾವಣೆಯಾದ ಮೇಷ್ಟರು ಹಳೆಯ ಶಾಲೆಯಲ್ಲಿ ಇರುವುದಿಲ್ಲ. ನನ್ನ ಚಿತ್ರಗಳಾದರೋ ಹಾರ್ಡ್ ಡಿಸ್ಕ್‌ನಲ್ಲೂ ಉಳಿಯುತ್ತವೆ, ಕಂಪ್ಯೂಟರಿಗೂ ಬರುತ್ತವೆ. ‘ನಕಲು’ ಎಂದರೆ ಪರೀಕ್ಷೆಯ ಕೊಠಡಿ ನೆನಪಾಗುತ್ತದೆ. ‘ಪ್ರತಿ’ ಸರಿ, ಓಲೆಗರಿಯ ಕಾಲದಿಂದಲೂ ಪ್ರತಿ ಮಾಡಿದವರೇ ನಾವು. ಅದನ್ನೇ ಇಟ್ಟುಕೊಂಡಿದ್ದೇನೆ.

ಇನ್ನು ‘ವೇಗ’. ಪರದೆಯ ಮೇಲೆ ತೋರುವ ಅಂಕಿ ಒಂದು ಸೆಕೆಂಡಿಗೆ ಇಷ್ಟು ಮೆಗಾಬೈಟ್ ಎಂಬುದು. ಬಸ್ಸು ಗಂಟೆಗೆ ಎಷ್ಟು ದೂರ ಓಡಿತು ಎಂಬಂಥ ಲೆಕ್ಕವಲ್ಲ ಇದು, ಎಷ್ಟು ಸರಕು ದಾಟಿತು ಎಂಬ ಲೆಕ್ಕ. ‘ದರ’ ಎಂದರೆ ಓದುಗ ಬೆಲೆಯನ್ನೇ ನೆನೆಯುತ್ತಾನೆ. ಇಂಥ ಅಳತೆಗೆ ಕನ್ನಡದಲ್ಲಿ ದಿನವೂ ಓದುವ ಪದ ಒಂದಿದೆ. ಮಳೆಗಾಲದ ಪತ್ರಿಕೆ ತೆರೆದರೆ ಲಕ್ಕವಳ್ಳಿಯ ಭದ್ರಾ ಜಲಾಶಯದ ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು ಕ್ಯೂಸೆಕ್ ಎಂದಿರುತ್ತದೆ. ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್. ಮೆಗಾಬೈಟಿನ ಲೆಕ್ಕವೂ ಇದೇ ಜಾತಿಯದು. ಹಾಗಾದರೆ ‘ಹರಿವು’ ಎನ್ನಬಾರದೇಕೆ?

ಈ ಪದವನ್ನು ಇಟ್ಟುಕೊಂಡ ಕೂಡಲೇ ವಿವರಣೆ ತಾನಾಗಿಯೇ ಸರಾಗವಾಯಿತು. ಅಯ್ಯನಕೆರೆ ತುಂಬಿದ್ದರೂ ತೂಬು ಕಿರಿದಾದರೆ ಗದ್ದೆಗೆ ನೀರು ಸಾಲದು. ನಾನು ಹಾರ್ಡ್ ಡಿಸ್ಕ್ ಸಿಕ್ಕಿಸಿದ್ದು ಹಳೆಯ ಯುಎಸ್‌ಬಿ 2.0 ಕಿಂಡಿಗೆ. 2000ದಲ್ಲಿ ಬಂದ ಆ ವ್ಯವಸ್ಥೆಯಲ್ಲಿ ನಿಜವಾಗಿ ದಕ್ಕುವುದು ಸೆಕೆಂಡಿಗೆ 30ರಿಂದ 40 ಮೆಗಾಬೈಟ್ ಮಾತ್ರ. 2008ರ ಯುಎಸ್‌ಬಿ 3.0 ಕಿಂಡಿ, ಒಳಗೆ ಸಾಮಾನ್ಯವಾಗಿ ನೀಲಿ ಬಣ್ಣದ್ದು, ಇದರ ಹತ್ತು ಪಟ್ಟು ಹರಿಸಬಲ್ಲದು. ಆಗ ಮಿತಿ ಹಾರ್ಡ್ ಡಿಸ್ಕ್‌ನದೇ, ಸುಮಾರು 100 ಮೆಗಾಬೈಟ್. ತಂತಿ ಹಳೆಯದಾದರೂ ಕಿರಿದಾದ ತೂಬಿನ ಕಥೆಯೇ.

ಇಲ್ಲೊಂದು ಲಿಪಿಯ ತೊಡಕು. ಪೆಟ್ಟಿಗೆಯ ಮೇಲೆ ಯುಎಸ್‌ಬಿ 2.0ಕ್ಕೆ 480 ಎಂದಿರುತ್ತದೆ, ಅದು ಮೆಗಾಬಿಟ್. ಎಂಟು ಬಿಟ್‌ಗೆ ಒಂದು ಬೈಟ್, ಅಂದರೆ ಲೆಕ್ಕದಲ್ಲಿಯೇ 60 ಮೆಗಾಬೈಟ್. ಇಂಗ್ಲಿಷಿನವರು ಬಿಟ್‌ಗೆ ಸಣ್ಣಕ್ಷರ, ಬೈಟ್‌ಗೆ ದೊಡ್ಡಕ್ಷರ ಬರೆದು ಬೇರೆ ಮಾಡುತ್ತಾರೆ. ನಮ್ಮ ಲಿಪಿಯಲ್ಲಿ ಆ ಭೇದವಿಲ್ಲ, ಎರಡೂ ‘ಎಂಬಿ’ ಆಗಿಬಿಡುತ್ತವೆ. ಎಂಟು ಪಟ್ಟಿನ ತಪ್ಪು! ಕನ್ನಡದಲ್ಲಿ ಈ ಎರಡನ್ನು ಎಂದೂ ಮೊಟಕುಗೊಳಿಸದೆ ಬರೆಯಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

‘ಹರಿವು’ ಸೋಲುವುದು ಒಂದು ಕಡೆ. ನೀಲಿ ಕಿಂಡಿಗೆ ಬದಲಿಸಿದ ಮೇಲೂ, ಸಾವಿರಾರು ಸಣ್ಣ ಚಿತ್ರಗಳಿದ್ದ ಫೋಲ್ಡರ್ ಬಂದಾಗ ಅಂಕಿ ಕುಸಿಯಿತು. ಒಳಗಿನ ತಟ್ಟೆ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ, ಓದುವ ಮುಳ್ಳು ಒಂದೊಂದು ಕಡತಕ್ಕೂ ಜಾಗ ಹುಡುಕಿ ಸರಿಯಬೇಕು. ಕಾಫಿ ತೋಟದವರಿಗೆ ಇದು ಬೇಗ ತಿಳಿಯುತ್ತದೆ. ಮೊದಲ ಕೊಯ್ಲಿನಲ್ಲಿ ಅಲ್ಲೊಂದು ಇಲ್ಲೊಂದು ಹಣ್ಣನ್ನು ಮಾತ್ರ ಆರಿಸುವಾಗ ಕೈ ಅಷ್ಟೇ ಚುರುಕು, ಆದರೆ ಗಿಡದಿಂದ ಗಿಡಕ್ಕೆ ನಡೆಯುವುದರಲ್ಲೇ ಹೊತ್ತು ಹೋಗುತ್ತದೆ, ಬುಟ್ಟಿ ತುಂಬುವುದಿಲ್ಲ. ಮುಳ್ಳಿನ ಈ ಹೊತ್ತಿಗೆ ನಾನು ಸದ್ಯ ‘ಓಡಾಟದ ಹೊತ್ತು’ ಎಂದು ಬರೆದಿದ್ದೇನೆ. ಹಾರ್ಡ್ ಡಿಸ್ಕ್ ಓಡುವ ಹೊತ್ತು ಎಂದು ಯಾರಾದರೂ ತಿಳಿದಾರು ಎಂಬ ಅಳುಕಿದೆ.

ಬಳಗಕ್ಕೆ ಎರಡು ಪ್ರಶ್ನೆಗಳು. ಹರಿದ ನೀರು ಕೆರೆಯಲ್ಲಿ ಉಳಿಯುವುದಿಲ್ಲ, ಪ್ರತಿಯಾದ ಕಡತ ಉಳಿಯುತ್ತದೆ. ‘ವರ್ಗಾವಣೆ’ಗೆ ನಾನು ಹೊರಿಸಿದ ದೋಷ ‘ಹರಿವಿ’ಗೂ ತಗುಲುತ್ತದೆಯೇ? ಕೆರೆ, ನಾಲೆ, ತೋಟ, ಕಣ ಎಲ್ಲಿಯದಾದರೂ ಸರಿ, ‘ಸರಕು ಸಿಗುವ ಮುನ್ನ ನಡೆಯಲು ಹಿಡಿಯುವ ಹೊತ್ತು’ ಎಂಬುದಕ್ಕೆ ನಿಮ್ಮ ಕಡೆ ಒಂದೇ ಪದ ಬಳಕೆಯಲ್ಲಿದೆಯೇ? ಇದ್ದರೆ ಯಾವ ಊರಿನದು, ಯಾವ ಕೆಲಸದವರದು ಎಂಬುದನ್ನೂ ತಿಳಿಸಿ. ಅದು ಬರುವವರೆಗೆ ಕೈಪಿಡಿಯನ್ನು ಮುದ್ರಣಕ್ಕೆ ಕೊಡುವುದಿಲ್ಲ.