ಕಾಕಾ ಕಳಿಸಿದ ಫಾರ್ವರ್ಡ್

(ಮನೆಯವರನ್ನು ಕೇಳಿಯೇ ಹಾಕುತ್ತಿದ್ದೇನೆ. ಹೆಸರು ತೆಗೆದು, ನನ್ನ ಫೋನಿನಲ್ಲಿ ಅವರ ನಂಬರ್ ಹೇಗೆ ಸೇವ್ ಆಗಿದೆಯೋ ಹಾಗೇ ಬಿಟ್ಟಿದ್ದೇನೆ. ನಡುವೆ ಬಂದ ಗುಲಾಬಿ ಹೂವು, ಮುಗಿದ ಕೈಗಳನ್ನು ಬಿಟ್ಟಿದ್ದೇನೆ.)

ಕಾಕಾ ಹುಬ್ಬಳ್ಳಿ, ಬೆಳಿಗ್ಗೆ 4:12
"ಡಿಪ್ರೆಶನ್ ರೋಗವೇ ಅಲ್ಲ! ನಮ್ಮ ಅಜ್ಜ, ಮುತ್ತಜ್ಜರಿಗೆ ಇತ್ತೇ? ಇದೆಲ್ಲ ಮಾತ್ರೆ ಕಂಪನಿಗಳ ಆಟ. ಒಮ್ಮೆ ಶುರು ಮಾಡಿದರೆ ಸಾಯುವ ತನಕ ಬಿಡಲಾಗದು. ದಿನಾ ನಸುಕಿನಲ್ಲಿ ನಡೆಯಿರಿ. ಮನಸ್ಸು ಗಟ್ಟಿ ಮಾಡಿಕೊಳ್ಳಿ. ಹತ್ತು ಜನರಿಗೆ ಕಳಿಸಿ."

ತಮ್ಮ ಗದಗ, 7:40
ಇದನ್ನು ಬರೆದವರನ್ನು ಮೊದಲು ಧಾರವಾಡಕ್ಕೆ ಕಳಿಸಬೇಕು.

ನಾನು, 7:52
ಧಾರವಾಡದಲ್ಲೇ ಇರುವ ನಾವೇನು ಮಾಡೋಣ? ಆ ಜೋಕು ಬಿಡು ತಮ್ಮಾ. ಅದರಿಂದಲೇ ಜನ ಇಲ್ಲಿನ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಗೇಟು ದಾಟುವಾಗ ಮುಖಕ್ಕೆ ಸೆರಗು ಎಳೆದುಕೊಳ್ಳುತ್ತಾರೆ. 1845ರಲ್ಲಿ ಹುಚ್ಚಾಸ್ಪತ್ರೆ ಅಂತ ಶುರುವಾದದ್ದು ನಿಜ. ಈಗ ಆ ಸಾಲಿನಲ್ಲಿ ನಿದ್ದೆ ಬಾರದವರು, ಪರೀಕ್ಷೆಗೆ ಹೆದರಿದ ಮಕ್ಕಳು, ಕುಡಿತ ಬಿಡಬೇಕು ಅಂತ ಬಂದವರು ಎಲ್ಲಾ ಇರುತ್ತಾರೆ. ಅವ್ವನ ಜೊತೆ ನಿಂತು ನೋಡಿದ್ದೇನೆ.

ಕಾಕಾ ಹುಬ್ಬಳ್ಳಿ, 8:05
ವೈನಿಗೆ, ಅಂದರೆ ನಿಮ್ಮ ಅವ್ವನಿಗೆ, ಮೊಣಕಾಲು ನೋವು ಅಂದಿದ್ದಿರಿ?

ನಾನು, 8:21
ನಮಗೂ ಹಾಗೇ ಅನ್ನಿಸಿತ್ತು ಕಾಕಾ. ಮೊದಲು ಮೊಣಕಾಲು, ಆಮೇಲೆ ಹೊಟ್ಟೆ ಉರಿ, ಆಮೇಲೆ ಮರೆವು. ಒಂದು ಕಡೆ ಸ್ಕ್ಯಾನಿಂಗ್, ಇನ್ನೊಂದು ಕಡೆ ಎಂಡೋಸ್ಕೋಪಿ. ಎಲ್ಲಾ ನಾರ್ಮಲ್, ಮನುಷ್ಯಳು ಮಾತ್ರ ನಾರ್ಮಲ್ ಇಲ್ಲ. ಕೊನೆಗೆ ಒಬ್ಬ ಡಾಕ್ಟರ್ ಕೇಳಿದರು: "ಅಜ್ಜಿ, ಮೊದಲು ಇಷ್ಟಪಟ್ಟು ಮಾಡುತ್ತಿದ್ದ ಯಾವ ಕೆಲಸ ಬಿಟ್ಟಿದ್ದೀರಿ?" ಅವ್ವ "ರಂಗೋಲಿ" ಅಂದಳು. ಮೂರು ತಿಂಗಳಿಂದ ಬಾಗಿಲಿಗೆ ರಂಗೋಲಿ ಹಾಕುತ್ತಿದ್ದುದು ಕೆಲಸದಾಕೆ. ಒಂದೇ ಮನೆಯಲ್ಲಿ ಇದ್ದ ನನಗೆ ಅದು ಗೊತ್ತಾಗಿರಲಿಲ್ಲ. ವಯಸ್ಸಾದವರ ಖಿನ್ನತೆ ಎಷ್ಟೋ ಸಲ ಮೈನೋವಾಗಿ, ಮರೆವಾಗಿ ಬರುತ್ತದಂತೆ. ಥೈರಾಯ್ಡ್, ಬಿ12, ರಕ್ತ ಕಡಿಮೆ ಇದೆಯಾ ಅಂತ ನೋಡಿದ ಮೇಲೆಯೇ ಮಾತ್ರೆ ಬರೆದರು.

ಕಾಕಾ ಹುಬ್ಬಳ್ಳಿ, 8:30
ಬ್ಯಾಸರ ಯಾರಿಗಿಲ್ಲ? ರಿಟೈರ್ ಆದಮೇಲೆ ನನಗೂ ಇದೆ. ಅದಕ್ಕೆಲ್ಲ ಆಸ್ಪತ್ರೆ ಅಂದರೆ ಊರಿಗೆ ಊರೇ ಹೋಗಬೇಕು.

ವೈನಿ ಧಾರವಾಡ, 9:15
ಕಾಕಾ, ಬ್ಯಾಸರ ಸಂಜೆಗೆ ಹೋಗುತ್ತದೆ. ಎರಡು ವಾರ ದಿನವಿಡೀ ಅದೇ ಕವಿದಿದ್ದರೆ, ಊಟ ನಿದ್ದೆ ಕೆಟ್ಟರೆ, ಯಾವುದರಲ್ಲೂ ಮನಸ್ಸಿಲ್ಲದಿದ್ದರೆ ಅದು ಬೇರೆ. ಎರಡನೇ ಬಾಣಂತನದಲ್ಲಿ ನನಗೆ ಗೊತ್ತಾಯಿತು. ಹೆರಿಗೆಯಾದ ಮೊದಲ ವಾರದ ಅಳು ಎಷ್ಟೋ ಜನರಿಗೆ ಇರುತ್ತದೆ, ತಾನೇ ಹೋಗುತ್ತದೆ. ನನ್ನದು ಎರಡು ತಿಂಗಳಾದರೂ ಹೋಗಲಿಲ್ಲ. ಕೂಸು ಅಳುತ್ತಿದ್ದರೆ ಎತ್ತಿಕೊಳ್ಳಬೇಕು ಅಂತಲೇ ಅನ್ನಿಸುತ್ತಿರಲಿಲ್ಲ. "ಬಾಣಂತಿ ಅಳಬಾರದು, ಹಾಲು ಬತ್ತುತ್ತದೆ" ಅಂದರು. ಹಾಲು ಕುಡಿಸುತ್ತಲೇ ತೆಗೆದುಕೊಳ್ಳುವ ಮಾತ್ರೆ ಇದೆ ಅಂತ ಯಾರೂ ಹೇಳಲಿಲ್ಲ. 14416ಕ್ಕೆ ಫೋನ್ ಮಾಡಿದೆ, ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಅವರೇ ಹೇಳಿದರು.

ತಮ್ಮ ಗದಗ, 9:20
ಒಬ್ಬ ದೋಸ್ತ ಇದ್ದಾನೆ. ಕೆಲಸಕ್ಕೆ ಹೋಗುತ್ತಾನೆ, ಉಣ್ಣುತ್ತಾನೆ. ಆದರೆ ಎರಡು ಮೂರು ವರ್ಷದಿಂದ ಮಂಕು. ಸ್ವಭಾವವೇ ಹಾಗೆ ಅನ್ನುತ್ತಾರೆ.

ನಾನು, 9:24
ಅದೂ ಒಂದು ಬಗೆ. ಕಡಿಮೆ ಉರಿಯಲ್ಲಿ ವರ್ಷಗಟ್ಟಲೆ ನಡೆಯುತ್ತದೆ. ಅದಕ್ಕೂ ಚಿಕಿತ್ಸೆ ಇದೆ, ಮಾತಿನ ಚಿಕಿತ್ಸೆಯೂ ಇದೆ. ಕರೆದುಕೊಂಡು ಬಾ ದೋಸ್ತನನ್ನು. (ದೋಸ್ತ ಯಾರು ಅಂತ ನನಗೆ ಗುಮಾನಿ ಇದೆ.)

ಮಾಮಾ ಹಾವೇರಿ, ಮಧ್ಯಾಹ್ನ 1:10
ಬೀಗರೇ, ಮಾತ್ರೆಯನ್ನು ಬಯ್ಯಲು ನನಗೆ ನಿಮಗಿಂತ ದೊಡ್ಡ ಕಾರಣ ಇದೆ. ಎರಡು ತಿಂಗಳು ಹಾಸಿಗೆ ಬಿಟ್ಟು ಏಳಲಿಲ್ಲ. ಒಬ್ಬ ಡಾಕ್ಟರ್ ಖಿನ್ನತೆಗೆ ಮಾತ್ರೆ ಕೊಟ್ಟರು. ಮೂರು ವಾರಕ್ಕೆ ಎದ್ದೆ. ಎದ್ದದ್ದು ಹೇಗೆ? ನಾಲ್ಕು ರಾತ್ರಿ ನಿದ್ದೆ ಇಲ್ಲ, ಸುಸ್ತೂ ಇಲ್ಲ. ಬ್ಯಾಡಗಿಗೆ ಹೋಗಿ ಸಾಲ ಮಾಡಿ 40 ಚೀಲ ಮೆಣಸಿನಕಾಯಿ ಕೊಂಡೆ. ಆ ವ್ಯಾಪಾರದ ಗಂಧಗಾಳಿ ನನಗಿಲ್ಲ. ಆಮೇಲೆ ತಿಳಿದದ್ದು, ನನ್ನದು ಬೈಪೋಲಾರ್. ಇಳಿತವೂ ಇದೆ, ಏರಿಕೆಯೂ ಇದೆ. ಡಿಗ್ರಿ ಓದುವಾಗ ಒಮ್ಮೆ ಹೀಗೇ ಹಾರಾಡಿದ್ದೆ. ಅದನ್ನು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಇಂಥವರಿಗೆ ಖಿನ್ನತೆ ಮಾತ್ರೆ ಒಂದನ್ನೇ ಕೊಟ್ಟರೆ ಮನಸ್ಸು ಮೇಲಕ್ಕೆ ಜಿಗಿಯಬಹುದು. ಈಗ ಆ ಏರಿಳಿತ ತಡೆಯುವ ಲಿಥಿಯಂ ಮಾತ್ರೆ ನಡೆದಿದೆ. ಕೆಲವು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ನೀರು ಬಿಟ್ಟು ಉಪವಾಸ ಮಾಡುವಂತಿಲ್ಲ, ರಕ್ತದಲ್ಲಿ ಅದು ಜಾಸ್ತಿಯಾಗಿಬಿಡುತ್ತದೆ. ಏಕಾದಶಿ ತಪ್ಪಿತು, ಸಂಸಾರ ಉಳಿಯಿತು.

ತಮ್ಮ ಗದಗ, 1:14
ಮಾಮಾ, ಆ ಮೆಣಸಿನಕಾಯಿ?

ಮಾಮಾ ಹಾವೇರಿ, 1:15
ಎರಡು ಚೀಲ ನಿಮ್ಮ ಮನೆಗೇ ಬಂದಿತ್ತು. ಮದುವೆಗೆ ಕೊಟ್ಟದ್ದು ಅಂದುಕೊಂಡಿರಿ.

ಕಾಕಾ ಹುಬ್ಬಳ್ಳಿ, 1:40
ನೋಡಿ, ನೀವೇ ಹೇಳಿದಿರಿ, ಮಾತ್ರೆಯಿಂದಲೇ ತೊಂದರೆಯಾಯಿತು. ಫಾರ್ವರ್ಡ್ ಸುಳ್ಳಲ್ಲ.

ಮಾಮಾ ಹಾವೇರಿ, 1:43
ನನ್ನನ್ನು ನೆಲಕ್ಕೆ ಇಳಿಸಿದ್ದೂ ಮಾತ್ರೆಯೇ ಬೀಗರೇ. ಯಾವ ಖಿನ್ನತೆ ಅಂತ ನೋಡದೆ ಕೊಟ್ಟದ್ದು ತಪ್ಪು.

ನಾನು, 2:05
ಕಾಕಾ, ಫಾರ್ವರ್ಡ್‌ನಲ್ಲಿ ಅರ್ಧ ನಿಜ ಇದೆ, ಅದಕ್ಕೇ ಜನ ನಂಬುತ್ತಾರೆ. ನಡೆಯುವುದರಿಂದ ಖಿನ್ನತೆ ಇಳಿಯುವುದು ನಿಜ. ಆದರೆ ಅವ್ವನಿಗೆ ಮೊದಲ ತಿಂಗಳು ತುಳಸಿಕಟ್ಟೆಯ ತನಕ ಹೋಗುವುದೇ ವಾಕಿಂಗ್. ಬಿಡಲಾಗದಂತೆ ಅಂಟಿಕೊಳ್ಳುವ ಮಾತ್ರೆಯೂ ಇದೆ, ಅದು ಆಲ್ಪ್ರಾಜೋಲಾಂ ಥರದ್ದು. ನಿದ್ದೆಗೆ, ಗಾಬರಿಗೆ ಅಂತ ಹಳೇ ಚೀಟಿ ತೋರಿಸಿ ಮತ್ತೆ ಮತ್ತೆ ತರುತ್ತಾರಲ್ಲ, ಅದು. ಖಿನ್ನತೆಯ ಮಾತ್ರೆಗೆ ಆ ಚಟ ಇಲ್ಲ. ಅವ್ವನಿಗೆ ಮೊದಲು ಹೊಟ್ಟೆ ತೊಳಸಿತು, ಗುಣವೂ ಕಾಣಲಿಲ್ಲ. ಮೂರನೇ ವಾರ ನಿದ್ದೆ ಬಂತು. ಆರಾಮಾದ ಮೇಲೂ ಆರು ತಿಂಗಳಿಗಿಂತ ಜಾಸ್ತಿ ನಡೆಸಿ, ಸ್ವಲ್ಪ ಸ್ವಲ್ಪ ಇಳಿಸಿದರು. ತಟ್ಟನೆ ಬಿಟ್ಟರೆ ತಲೆ ತಿರುಗುತ್ತದೆ, ಸಿಡುಕು ಬರುತ್ತದೆ. ಅದನ್ನೇ ಜನ ಚಟ ಅನ್ನುವುದು. ಅವ್ವನ ಮಾತ್ರೆ ಯುಗಾದಿಗೆ ನಿಂತಿತು.

ಕಾಕು ಹುಬ್ಬಳ್ಳಿ, ರಾತ್ರಿ 9:30
ನಾನು ಇಲ್ಲಿ ಬರೆಯುವವಳಲ್ಲ. ಬೆಳಿಗ್ಗೆಯಿಂದ ಫಾರ್ವರ್ಡ್ ಬಗ್ಗೆ ಜಗಳ ಆಡುತ್ತಿದ್ದೀರಿ. ಅದು ಬಂದ ಟೈಮ್ ನೋಡಿದಿರಾ? ನಾಲ್ಕು ತಿಂಗಳಿಂದ ಇವರಿಗೆ ಮೂರೂವರೆ, ನಾಲ್ಕಕ್ಕೆ ಎಚ್ಚರ. ಮತ್ತೆ ನಿದ್ದೆ ಇಲ್ಲ. ಕತ್ತಲಲ್ಲಿ ಕೂತು ಇದನ್ನೇ ಓದುತ್ತಾರೆ. ಭಜನೆಗೆ ಹೋಗುವುದು ಬಿಟ್ಟರು. ಒಂದು ರೊಟ್ಟಿ ಮುಗಿಯುವುದಿಲ್ಲ. ನಸುಕಿನಲ್ಲಿ ನಡೆಯಿರಿ ಅಂತ ಊರಿಗೆಲ್ಲ ಕಳಿಸುತ್ತಾರೆ, ತಾವು ಗೇಟು ದಾಟಿಲ್ಲ.

(ನಾನು ಗುಂಪನ್ನು ಹಿಂದಕ್ಕೆ ಎಳೆದು ನೋಡಿದೆ. 3:50. 4:05. 3:44. ದಿನಾ ಒಂದು ಶುಭೋದಯ. ನಾವು ಹೆಬ್ಬೆರಳು ಒತ್ತಿ ಮುಂದೆ ಹೋಗಿದ್ದೆವು.)

ಕಾಕಾ ಹುಬ್ಬಳ್ಳಿ, 9:48
ಇವಳು ಎಲ್ಲಾ ಹೆಚ್ಚು ಮಾಡಿ ಹೇಳುತ್ತಾಳೆ.

ಕಾಕಾ ಹುಬ್ಬಳ್ಳಿ, ಬೆಳಿಗ್ಗೆ 4:20
ಆ ನಂಬರ್‌ಗೆ ದುಡ್ಡು ಎಷ್ಟು? ಸುಮ್ನೆ ಕೇಳಿದೆ.

ನಾನು, 4:22
ದುಡ್ಡಿಲ್ಲ ಕಾಕಾ. 14416. ಹಗಲು ರಾತ್ರಿ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ. ನಾನು ಒಂದು ಮಾತು ಕೇಳಬೇಕು, ಗುಂಪಿನಲ್ಲಿ ಬೇಡ. ಈಗ ಫೋನ್ ಮಾಡುತ್ತೇನೆ, ಎತ್ತಿ.

ಕಾಕಾ ಹುಬ್ಬಳ್ಳಿ, 5:06
ಚಿಗರಿ ಬಸ್ಸಿನಲ್ಲಿ ಬರುತ್ತೇವೆ. ಎಲ್ಲಿ ಇಳಿಯಬೇಕು?

ನಾನು, 5:07
ಜ್ಯುಬಿಲಿ ಸರ್ಕಲ್. ನಾನು ಬಂದು ನಿಂತಿರುತ್ತೇನೆ. ಹಳೇ ಚೀಟಿ, ಬಿಪಿ ಮಾತ್ರೆಯ ಪಟ್ಟಿ ಎಲ್ಲಾ ತನ್ನಿ.

ಕಾಕು ಹುಬ್ಬಳ್ಳಿ, 5:10
ರೊಟ್ಟಿ ಕಟ್ಟಿಕೊಂಡು ಬರುತ್ತೇನೆ. ಸಾಲು ಉದ್ದ ಇರುತ್ತದೆ ಅಲ್ವಾ?