ಸಹಾಯ ಬೇಕು: ಎಲ್ಕ್ ಬೇಟೆಗೆ ಮೂಲೆ ದಾಟಬಹುದಾ?

ನಮಸ್ಕಾರ. ನಾನಿರುವುದು ಅಮೆರಿಕದ ಮೊಂಟಾನಾ ರಾಜ್ಯದಲ್ಲಿ. ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಬೇಟೆಗೆ ಲೈಸೆನ್ಸ್ ಸಿಕ್ಕಿದೆ, ಕಿತ್ತಳೆ ಜಾಕೆಟ್ಟೂ ಬಂದಿದೆ. (ಊರಲ್ಲಿ ಅಮ್ಮನಿಗೆ ಇನ್ನೂ ಹೇಳಿಲ್ಲ!) ತೊಡಕು ಜಾಗದ್ದು. ಮ್ಯಾಪ್‌ನಲ್ಲಿ ಸರ್ಕಾರಿ ಜಮೀನು, ಖಾಸಗಿ ರ‍್ಯಾಂಚ್ (ದನ ಸಾಕುವ ದೊಡ್ಡ ಜಮೀನು) ಎರಡೂ ಚದುರಂಗದ ಮನೆಗಳ ಹಾಗೆ ಒಂದು ಬಿಟ್ಟು ಒಂದು. ಎಲ್ಕ್ ಇರುವ ಸರ್ಕಾರಿ ಚೌಕಕ್ಕೆ ರಸ್ತೆಯೇ ಇಲ್ಲ. ನಾನು ಹೋಗಬಹುದಾದ ಚೌಕಕ್ಕೆ ಅದು ತಾಗುವುದು ಮೂಲೆಯಲ್ಲಿ ಮಾತ್ರ. ರ‍್ಯಾಂಚಿನವರನ್ನು ಎರಡು ಸಲ ಕೇಳಿದೆ, ಆಗಲ್ಲ ಎಂದರು. ಬೇಟೆಗೆ ಬಿಡುವ ಖಾಸಗಿ ಜಮೀನುಗಳ ಬ್ಲಾಕ್ ಮ್ಯಾನೇಜ್‌ಮೆಂಟ್ ಪಟ್ಟಿಯಲ್ಲೂ ಆ ರ‍್ಯಾಂಚ್ ಇಲ್ಲ.

2025ರಲ್ಲಿ ಪಕ್ಕದ ವಯೋಮಿಂಗ್ ರಾಜ್ಯದ ಕೇಸಿನಲ್ಲಿ 10ನೇ ಸರ್ಕಿಟ್ ಕೋರ್ಟ್ (ಕೆಲವು ರಾಜ್ಯಗಳಿಗೆ ಸೇರಿದ ಫೆಡರಲ್ ಮೇಲ್ಮನವಿ ಕೋರ್ಟ್), ಖಾಸಗಿ ನೆಲ ಮುಟ್ಟದೆ ಮೂಲೆ ದಾಟಿದರೆ ತಪ್ಪಿಲ್ಲ ಎಂದಿತು. ಆದರೆ ಮೊಂಟಾನಾ ಬರುವುದು 9ನೇ ಸರ್ಕಿಟ್‌ಗೆ. ಹಾಗಾಗಿ ಆ ತೀರ್ಪು ಇಲ್ಲಿಗೆ ಅನ್ವಯಿಸಲ್ಲ; ಇಲ್ಲಿನ ವನ್ಯಜೀವಿ ಇಲಾಖೆ ದಾಟಬಾರದು ಎನ್ನುತ್ತದೆ. ಸುಮ್ನೆ ದಂಡ ಕಟ್ಟಲು ನನಗಿಷ್ಟವಿಲ್ಲ.

ಇಲ್ಲಿ ಬೇಟೆಯಾಡಿದವರೇ, ಇಂಥ ಚೌಕಕ್ಕೆ ಕಾನೂನು ಮೀರದೆ ಹೋಗಲು ನೀವು ಏನು ಮಾಡಿದಿರಿ?