ತಿಂಗಳ ಕೊನೆಯ ಬ್ಯಾಚ್‌ಗೆ ಕ್ಯೂ ತುಂಬಿ ನಿಲ್ಲುತ್ತಿದೆ, ಅನುಭವ ಇದ್ದವರು ಹೇಳಿ

ಶಿರಸಿ: ಜೆಡ್/ಓಎಸ್ (ಮೇನ್‌ಫ್ರೇಮ್) ಮೇಲೆ ಐಬಿಎಂ ಎಂಕ್ಯೂ, ಅಂದರೆ ಪ್ರೋಗ್ರಾಮುಗಳ ನಡುವೆ ಮೆಸೇಜ್ ಕ್ಯೂನಲ್ಲಿಟ್ಟು ದಾಟಿಸುವ ಸಾಫ್ಟ್‌ವೇರ್. ಬ್ಯಾಚ್ ಜಾಬ್ ಮೆಸೇಜ್ ಹಾಕುತ್ತದೆ, ಸಿಐಸಿಎಸ್ (ಆನ್‌ಲೈನ್ ವ್ಯವಹಾರ ನಡೆಸುವ ಸಿಸ್ಟಮ್) ತೆಗೆಯುತ್ತದೆ. ಒಂದು ರಾತ್ರಿ 3 ಲಕ್ಷ, ಇನ್ನೊಂದು ರಾತ್ರಿ 20 ಲಕ್ಷ, ಮೊದಲೇ ಗೊತ್ತಾಗುವುದಿಲ್ಲ. ಒಂದೊಂದು 600 ಬೈಟ್, ಎಲ್ಲ ಪರ್ಸಿಸ್ಟೆಂಟ್ (ಸಿಸ್ಟಮ್ ಬಿದ್ದರೂ ಉಳಿಯುವಂಥವು). ಕಳೆದ ಸಲ 2192 ಎಂಬ ಎರರ್ ಕೋಡ್ ಬಂತು. ಮ್ಯಾಕ್ಸ್‌ಡೆಪ್ತ್ (ಕ್ಯೂನಲ್ಲಿ ಇರಬಹುದಾದ ಗರಿಷ್ಠ ಮೆಸೇಜ್ ಸಂಖ್ಯೆ) 99,99,99,999ಕ್ಕೆ ಏರಿಸಿದೆವು, ಮತ್ತೆ ಅದೇ.

ಕುಮಟಾ: ಅದನ್ನು ಏರಿಸಿ ಪ್ರಯೋಜನ ಇಲ್ಲ ತಮಾ. ಮ್ಯಾಕ್ಸ್‌ಡೆಪ್ತ್ ಮುಟ್ಟಿದರೆ ಬರುವುದು 2053. 2192 ಅಂದರೆ ಕೆಳಗಿನ ಪೇಜ್‌ಸೆಟ್ಟೇ (ಮೆಸೇಜ್ ಕೂರುವ ಡಿಸ್ಕ್ ಫೈಲ್) ತುಂಬಿದೆ. 600 ಬೈಟಿನ ಮೆಸೇಜಿಗೂ 4 ಕೆಬಿಯ ಇಡೀ ಪೇಜ್ ಹೋಗುತ್ತದೆ. 4 ಜಿಬಿ ಪೇಜ್‌ಸೆಟ್ಟಿನಲ್ಲಿ ಇರುವುದೇ 10,48,576 ಪೇಜ್. 20 ಲಕ್ಷಕ್ಕೆ 8 ಜಿಬಿ ಬೇಕು. 4 ದಾಟಬೇಕಾದರೆ ಡೇಟಾಸೆಟ್ಟಿಗೆ ಎಕ್ಸ್‌ಟೆಂಡೆಡ್ ಅಡ್ರೆಸಬಿಲಿಟಿ ಇರಬೇಕು, ಆಗ 64 ಜಿಬಿವರೆಗೆ ಹೋಗುತ್ತದೆ.

ನಮ್ಮಲ್ಲಿ ಬ್ಯಾಚ್, ಆನ್‌ಲೈನ್, ಡೆಡ್ ಲೆಟರ್ (ತಲುಪಿಸಲಾಗದ ಮೆಸೇಜ್ ಹೋಗುವ ಕ್ಯೂ) ಮೂರೂ ಒಂದೇ ಪೇಜ್‌ಸೆಟ್ಟಿನಲ್ಲಿದ್ದವು. ಬ್ಯಾಚ್ ತುಂಬಿಸಿತು, ಆನ್‌ಲೈನ್ ಮಲಗಿತು, ಡೆಡ್ ಲೆಟರ್‌ಗೂ ಜಾಗವಿಲ್ಲದೆ ಚಾನೆಲ್ (ಬೇರೆ ಸಿಸ್ಟಮ್ ಜೊತೆಗಿನ ಸಂಪರ್ಕ) ನಿಂತವು. ಈಗ ಬ್ಯಾಚ್‌ಗೆ ಬೇರೆ ಪೇಜ್‌ಸೆಟ್, ಬೇರೆ ಬಫರ್‌ಪೂಲ್ (ಅದಕ್ಕೆ ಮೀಸಲಾದ ಮೆಮೊರಿ), ಬೇರೆ ಸ್ಟೋರೇಜ್ ಕ್ಲಾಸ್ (ಕ್ಯೂ ಯಾವ ಪೇಜ್‌ಸೆಟ್ಟಿಗೆ ಎಂದು ಹೇಳುವುದು). ಕ್ಯೂ ಖಾಲಿಯಿದ್ದು ಯಾರೂ ತೆರೆದಿರದಾಗ ಮಾತ್ರ ಸ್ಟೋರೇಜ್ ಕ್ಲಾಸ್ ಬದಲಾಗುತ್ತದೆ. ಅದಕ್ಕೇ ಎರಡು ಭಾನುವಾರ ಹೋದವು. ಒಮ್ಮೆ ಹಿಗ್ಗಿದ ಪೇಜ್‌ಸೆಟ್ ತಾನಾಗಿ ಕುಗ್ಗುವುದಿಲ್ಲ, ಡಿಸ್ಕ್ ಲೆಕ್ಕ ಮೊದಲೇ ಹಾಕಿ.

ಕಾರವಾರ: ಡಿಸ್ಕ್ ಕೊಟ್ಟರೆ ಮುಗಿಯಿತೇ ಮಾರಾಯ್ರೇ? ನಮ್ಮನ್ನು ಕೊಂದದ್ದು ಲಾಗ್ (ಬದಲಾವಣೆಗಳನ್ನೆಲ್ಲ ಬರೆದಿಡುವ ಫೈಲ್). ಒಂದು ಕಮಿಟ್‌ಗೆ (ಮಾಡಿದ್ದನ್ನು ಖಾಯಂ ಮಾಡುವ ಹಂತ) 10,000 ಮೆಸೇಜ್ ದಾಟಿದರೆ 2024 ಎಂಬ ಎರರ್ ಬರುತ್ತದೆ, ಆ 10,000 ಮ್ಯಾಕ್ಸ್‌ಯುಎಂಎಸ್‌ಜಿಎಸ್ ಎಂಬ ಮಿತಿಯ ಡೀಫಾಲ್ಟ್. ಯಾರೋ ಅದನ್ನು 10 ಲಕ್ಷ ಮಾಡಿದರು. 8 ಲಕ್ಷ ಹಾಕಿದ ಮೇಲೆ ಜಾಬ್ ಅಬೆಂಡ್ (ಅರ್ಧಕ್ಕೆ ಬಿತ್ತು). ಬ್ಯಾಕೌಟ್‌ಗೆ (ಹಾಕಿದ್ದನ್ನು ರದ್ದು ಮಾಡಲು) ಆರ್ಕೈವ್ ಲಾಗ್ (ಹಳೆಯ ಲಾಗ್) ಟೇಪಿನಿಂದ ಓದಬೇಕಾಯಿತು. ಅಷ್ಟರಲ್ಲಿ ಆಕ್ಟಿವ್ ಲಾಗ್ ತುಂಬಿ ಸಿಎಸ್‌ಕ್ಯೂಜೆ111ಎ ಎಂಬ ಎಚ್ಚರಿಕೆ ಬಂತು, ಇಡೀ ಕ್ಯೂ ಮ್ಯಾನೇಜರ್ (ಎಲ್ಲ ಕ್ಯೂ ನಡೆಸುವ ಎಂಕ್ಯೂ ಸಿಸ್ಟಮ್) ಸ್ತಬ್ಧ. 500ಕ್ಕೊಂದು ಕಮಿಟ್ ಮಾಡಿ. ಕೊನೆಯ ರೆಕಾರ್ಡ್ ಸಂಖ್ಯೆ ಅದೇ ಕಮಿಟ್‌ನಲ್ಲಿ ಡಿಬಿ2 ಡೇಟಾಬೇಸಿಗೆ ಹೋಗಬೇಕು. ಆರ್‌ಆರ್‌ಎಸ್ (ಎಂಕ್ಯೂ, ಡಿಬಿ2 ಎರಡರ ಕಮಿಟ್ ಹೊಂದಿಸುವ ಜೆಡ್/ಓಎಸ್ ಸೇವೆ) ಸ್ಟಬ್ ಜೊತೆ ಲಿಂಕ್ ಮಾಡದಿದ್ದರೆ ಎರಡೂ ಒಟ್ಟಿಗೆ ಕಮಿಟ್ ಆಗುವುದಿಲ್ಲ, ರೀಸ್ಟಾರ್ಟ್‌ನಲ್ಲಿ ಮೆಸೇಜ್ ಎರಡೆರಡು ಸಲ ಹೋಗುತ್ತವೆ.

ಕುಮಟಾ: ಅವರು ಕೇಳಿದ್ದು 2192. ಲಾಗ್ ಬಗ್ಗೆ ಅಲ್ಲ.

ಕಾರವಾರ: ಜಾಗ ಸಿಕ್ಕಿದ ಮರುದಿನ ಕೇಳುತ್ತಾರೆ, ನೋಡುತ್ತಿರಿ.

ಅಂಕೋಲಾ: ಶೇರ್ಡ್ ಕ್ಯೂ (ಹಲವು ಕ್ಯೂ ಮ್ಯಾನೇಜರ್ ಹಂಚಿಕೊಳ್ಳುವ ಕ್ಯೂ) ಮಾಡಿ ಎಂದು ಯಾರಾದರೂ ಹೇಳಿದರೆ ಆಫ್‌ಲೋಡ್ (ಮೆಸೇಜ್ ಹೊರಗೆ ಸರಿಸುವ) ನಿಯಮ ಓದಿ ಆಮೇಲೆ ಹೂಂ ಅನ್ನಿ. ಡೀಫಾಲ್ಟ್‌ನಲ್ಲಿ ಕಪ್ಲಿಂಗ್ ಫೆಸಿಲಿಟಿ ಸ್ಟ್ರಕ್ಚರ್ (ಆ ಮೆಸೇಜ್ ಕೂರುವ ಹಂಚಿಕೆಯ ಮೆಮೊರಿ) 70% ತುಂಬಿದಾಗ 32 ಕೆಬಿಗಿಂತ ದೊಡ್ಡವು, 80%ಕ್ಕೆ 4 ಕೆಬಿಗಿಂತ ದೊಡ್ಡವು ಹೊರಗೆ ಹೋಗುತ್ತವೆ. 600 ಬೈಟಿನವು 90% ಆಗುವವರೆಗೆ ಅಲ್ಲೇ ಕೂತಿರುತ್ತವೆ, ಆಮೇಲೂ ಒಂದೊಂದಕ್ಕೆ ಪಾಯಿಂಟರ್ ಒಳಗೇ ಉಳಿಯುತ್ತದೆ. ಸ್ಟ್ರಕ್ಚರ್ ತುಂಬಿದರೂ ಬರುವುದು ಅದೇ 2192! ಇನ್ನೊಂದು: ಡೆಪ್ತ್ ಹೈ ಇವೆಂಟ್ (ಕ್ಯೂ ತುಂಬುತ್ತಿದೆ ಎಂಬ ಎಚ್ಚರಿಕೆ) ಡೀಫಾಲ್ಟ್‌ನಲ್ಲಿ ಮ್ಯಾಕ್ಸ್‌ಡೆಪ್ತ್‌ನ 80%ಕ್ಕೆ. ನೀವು ಇಟ್ಟ ಸಂಖ್ಯೆಗೆ ಅದು ಸುಮಾರು 80 ಕೋಟಿ, ಅಲಾರಂ ಬರುವುದೇ ಇಲ್ಲ.

ಕುಮಟಾ: ಬಂದರೂ ಮೊಬೈಲಿಗೆ ಬೇಡ. ಮಳೆಗಾಲದಲ್ಲಿ ದೇವಿಮನೆ ಘಟ್ಟದಲ್ಲಿ ಮರ ಬಿದ್ದು ಕೇಬಲ್ ಹರಿದರೆ ಶಿರಸಿಯವರಿಗೆ ಬೆಳಗಿನವರೆಗೆ ಏನೂ ಗೊತ್ತಾಗುವುದಿಲ್ಲ.

ಶಿರಸಿ: ಕೇಬಲ್ ನಿಮ್ಮಲ್ಲೂ ಹೋಗುತ್ತದೆ, ಘಟ್ಟದ ಮೇಲಿನವರಿಗೆ ಮಾತ್ರ ಅಲ್ಲ. 2192 ಬಂದ ಕ್ಷಣ ಜಾಬ್ ಏನು ಮಾಡಬೇಕೆಂದು ಯಾರೂ ಹೇಳಲಿಲ್ಲ.

ಕುಮಟಾ: ಬರುವ ಮೊದಲೇ ತಡೆಯಬೇಕು. ಪ್ರತಿ ಕಮಿಟ್ ಆದ ಮೇಲೆ ಎಂಕ್ಯೂಐಎನ್‌ಕ್ಯೂ ಎಂಬ ಕಾಲ್‌ನಿಂದ ಡೆಪ್ತ್ (ಕ್ಯೂನಲ್ಲಿ ಈಗ ಎಷ್ಟು ಮೆಸೇಜ್) ಕೇಳಿ. 5 ಲಕ್ಷ ದಾಟಿದರೆ ನಿಲ್ಲಿ, 2 ಲಕ್ಷಕ್ಕೆ ಇಳಿದ ಮೇಲೆ ಮುಂದುವರಿಸಿ.

ಕಾರವಾರ: ನಿಂತರೆ ಬ್ಯಾಚ್ ಬೆಳಿಗ್ಗೆ 6ರ ಒಳಗೆ ಮುಗಿಯಬೇಕಲ್ಲ? ತೆಗೆಯುವ ಸಿಐಸಿಎಸ್ ಟಾಸ್ಕ್ ಒಂದೇ ಇದ್ದರೆ ಡೆಪ್ತ್ ಬೇಗ ಇಳಿಯುವುದಿಲ್ಲ. ಟ್ರಿಗರ್ ಫಸ್ಟ್ (ಖಾಲಿ ಕ್ಯೂಗೆ ಮೊದಲ ಮೆಸೇಜ್ ಬಂದಾಗ ಟಾಸ್ಕ್ ಶುರು ಮಾಡುವ ಸೆಟ್ಟಿಂಗ್) ಇಟ್ಟಿದ್ದೀರಾ, ಎಷ್ಟು ಟಾಸ್ಕ್ ಓದುತ್ತಿವೆ, ಮೊದಲು ಅದನ್ನು ಹೇಳಿ.